ಮಾರ್ಚ್ ಹದಿನಾಲ್ಕರ ಕಟ್ಟಳೆ

ಹ್ಯಾನೋವರ್‌ನ ಆ ಸಂಶೋಧನಾ ಕೇಂದ್ರದಲ್ಲಿ ಭಾನುಮತಿ ಕುಲಕರ್ಣಿಗೆ ಹದಿನೇಳು ವರ್ಷವಾಗಿತ್ತು. ಧಾರವಾಡದಲ್ಲಿ ಕಾನೂನು ಓದಿ, ಎರಡು ವರ್ಷ ಕೋರ್ಟಿಗೆ ಓಡಾಡಿ, ಭೂವಿಜ್ಞಾನಿಯಾಗಿದ್ದ ಗಂಡ ಲಕ್ಷ್ಮೀಶನ ಜೊತೆ ಜರ್ಮನಿಗೆ ಬಂದವಳು ಅವಳು. ಇಲ್ಲಿ ವಕೀಲಿ ಮಾಡುವ ದಾರಿ ಇರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಜರ್ಮನ್ ಕಲಿತಳು, ಆಮೇಲೆ ಹಳೆಯ ಜರ್ಮನ್ ಕಲಿತಳು, ಅದಾದ ಮೇಲೆ ಆ ಹಳೆಯ ಜರ್ಮನ್ನನ್ನು ಬರೆಯುತ್ತಿದ್ದ ಮೊನಚು ಕೈಬರಹವನ್ನೂ ಕಲಿತಳು. ಅಲ್ಲಿ ‘ಎನ್’ ಮತ್ತು ‘ಇ’ ಅಕ್ಷರಗಳು ಅವಳಿಜವಳಿಗಳ ಹಾಗಿರುತ್ತವೆ. ಜರ್ಮನ್ನರೇ ಓದಲಾರದೆ ಕೈಬಿಡುವ ಪುಟಗಳನ್ನು ಭಾನುಮತಿ ಪತ್ರಿಕೆ ಓದಿದಂತೆ ಓದುತ್ತಿದ್ದಳು.

ಕೇಂದ್ರದ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುವಂಥದ್ದು. ಈಗ ಜರ್ಮನಿ ಎನ್ನುವ ನೆಲ ನೂರಾರು ಚೂರುಗಳಾಗಿದ್ದ ಕಾಲದಲ್ಲಿ ಒಂದೊಂದು ಸಂಸ್ಥಾನವೂ ಒಂದೊಂದು ಪೇಟೆಯೂ ಆಯುಧ ಮತ್ತು ಸಿಡಿಮದ್ದಿನ ಮೇಲೆ ತನ್ನದೇ ಕಟ್ಟಳೆ ಹೊರಡಿಸುತ್ತಿತ್ತು. ಮದುವೆ ಮನೆಗೆ ಕಠಾರಿ ಸಿಕ್ಕಿಸಿಕೊಂಡು ಹೋಗಬಾರದು. ಸಂಜೆಯ ಗಂಟೆ ಬಾರಿಸಿದ ಮೇಲೆ ವಿದ್ಯಾರ್ಥಿಗಳು ಕತ್ತಿ ಕಟ್ಟಿಕೊಂಡು ಬೀದಿಗೆ ಇಳಿಯಬಾರದು. ಹುಲ್ಲು ಹೊದಿಸಿದ ಮನೆಗಳ ನಡುವೆ ಕೋವಿ ಹಾರಿಸಬಾರದು. ಇಂಥ ಸಾವಿರಾರು ಕಟ್ಟಳೆಗಳನ್ನು ಊರೂರಿನ ದಫ್ತರಗಳಿಂದ ಹುಡುಕಿ ತಂದು, ಓದಿ, ಒಂದೆಡೆ ಸೇರಿಸಬೇಕು. ಕೇಂದ್ರದ ಮುಖ್ಯಸ್ಥೆ ಪ್ರೊಫೆಸರ್ ವೀಗಾಂಡ್ ಬರೆದ ಎರಡೂ ಪುಸ್ತಕಗಳ ಮುನ್ನುಡಿಯಲ್ಲಿ ಭಾನುಮತಿಗೆ ಧನ್ಯವಾದ ಇತ್ತು. ಮುಖಪುಟದಲ್ಲಿ ಅವಳ ಹೆಸರು ಇರಲಿಲ್ಲ.

ಧೃತಿ ಬಂದದ್ದು ಒಂದೂವರೆ ವರ್ಷದ ಹಿಂದೆ. ಮೈಸೂರಿನವಳು, ಇಪ್ಪತ್ತೊಂಬತ್ತು ವರ್ಷ. ಹಳೆಯ ಮೈಸೂರು ಸೀಮೆಯಲ್ಲಿ ಕೋವಿ ಮತ್ತು ಮದ್ದಿನ ಮೇಲಿದ್ದ ಕಾಯಿದೆಗಳ ಬಗ್ಗೆ ಪಿಎಚ್‌ಡಿ ಮಾಡಿದ್ದಳು. ಅವಳ ಅರ್ಜಿ ನೋಡಿ, “ಈ ಹುಡುಗಿಯನ್ನು ಬಿಡಬೇಡಿ” ಎಂದು ಪ್ರೊಫೆಸರರಿಗೆ ಹೇಳಿದ್ದು ಭಾನುಮತಿಯೇ. ಅವಳಿಗೆ ಲಿಂಡನ್ ಬಡಾವಣೆಯಲ್ಲಿ ಕೋಣೆ ಹುಡುಕಿದ್ದು, ಆನ್ಮೆಲ್ಡುಂಗ್‌ಗೆಂದು ನಗರ ಕಚೇರಿಗೆ ಕರೆದುಕೊಂಡು ಹೋಗಿ ವಿಳಾಸ ನೋಂದಾಯಿಸಿದ್ದು, ಚಳಿಗೆ ದಪ್ಪ ಕೋಟು ಕೊಡಿಸಿದ್ದು ಎಲ್ಲ ಅವಳೇ.

“ಥ್ಯಾಂಕ್ಯೂ ಮೇಡಂ, ನೀವಿಲ್ದೇ ಇದ್ದಿದ್ರೆ ನಾನು ಎಲ್ಲೋ ಕಳೆದುಹೋಗ್ತಿದ್ದೆ” ಅಂದಿದ್ದಳು ಧೃತಿ.

“ಮೇಡಂ ಅನಬ್ಯಾಡ ನನಗ. ಅಕ್ಕಾ ಅನ್ನು” ಅಂದಿದ್ದಳು ಭಾನುಮತಿ.

ಅಂದಿನಿಂದ ಭಾನಕ್ಕ ಆದಳು. ಪ್ರತಿ ಬುಧವಾರ ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಹಳೆಯ ಕೈಬರಹ ಓದುತ್ತಿದ್ದರು. ಧೃತಿ ಬೇಗ ಕಲಿತಳು. ಅದು ಭಾನುಮತಿಗೆ ಮೊದಮೊದಲು ಹೆಮ್ಮೆಯ ಸಂಗತಿಯೇ ಆಗಿತ್ತು.

ಕಿಚ್ಚು ಹತ್ತಿದ್ದು ಒಂದು ಸಣ್ಣ ಮಾತಿನಿಂದ. ಅಕ್ಟೋಬರಿನ ಸಭೆಯಲ್ಲಿ ಒಬ್ಬರು ಹಳೆಯ ಜರ್ಮನ್ನಿನ ‘ಕ್ರೌಟ್’ ಎಂಬ ಪದದ ಬಗ್ಗೆ ಮಾತಾಡುತ್ತಿದ್ದರು. ಈಗ ಆ ಪದಕ್ಕೆ ಸೊಪ್ಪು, ಮೂಲಿಕೆ ಎಂದರ್ಥ. ಆಗ ಕೋವಿಮದ್ದಿಗೂ ಅದೇ ಪದ. ಧೃತಿ ಕೈಯೆತ್ತಿ ಹೇಳಿದಳು: “ನಮ್ಮ ಕನ್ನಡದಲ್ಲೂ ಹಾಗೇ. ‘ಮದ್ದು’ ಅಂದರೆ ಕಾಯಿಲೆಗೆ ಕೊಡುವ ಔಷಧಿಯೂ ಹೌದು, ಕೋವಿಗೆ ತುಂಬುವ ಪುಡಿಯೂ ಹೌದು. ಎರಡು ಭಾಷೆಗಳು ಒಂದಕ್ಕೊಂದು ಗೊತ್ತಿಲ್ಲದೆ ಒಂದೇ ಕಡೆ ಹೋಗಿ ನಿಂತಿವೆ.”

ಇಡೀ ಸಭೆ ಅವಳ ಕಡೆ ತಿರುಗಿತು. ಪ್ರೊಫೆಸರ್ ವೀಗಾಂಡ್ ಕನ್ನಡಕ ತೆಗೆದು, ಆ ಪದವನ್ನು ಅವಳಿಂದ ಎರಡು ಸಲ ಹೇಳಿಸಿ ಬರೆದುಕೊಂಡರು. “ಇಪ್ಪತ್ತೈದು ವರ್ಷದಿಂದ ಈ ವಿಷಯದಲ್ಲಿದ್ದೇನೆ, ಯಾರೂ ನನಗೆ ಇದನ್ನು ಹೇಳಿರಲಿಲ್ಲ” ಅಂದರು.

ಭಾನುಮತಿ ಮೇಜಿನ ಆ ಕೊನೆಯಲ್ಲಿ ಕೂತಿದ್ದಳು. ಈ ಹೋಲಿಕೆ ಅವಳಿಗೆ ಹೊಳೆದಿದ್ದು ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ. ಮನೆಯಲ್ಲಿ ಲಕ್ಷ್ಮೀಶನಿಗೆ ಹೇಳಿ ನಕ್ಕಿದ್ದಳು. ಸಭೆಯಲ್ಲಿ ಹೇಳುವಂಥ ಮಾತು ಅನ್ನಿಸಿರಲಿಲ್ಲ. ನಮ್ಮ ಭಾಷೆಯ ಸಂಗತಿ ಇವರಿಗೇಕೆ, ಹಗುರಾಗಿ ನೋಡಿಯಾರು ಎಂದು ನುಂಗಿಕೊಂಡಿದ್ದಳು. ತಾನು ಹದಿನೇಳು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ನಿನ್ನೆ ಮೊನ್ನೆ ಬಂದವಳು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ಅದು ಕಳ್ಳತನವಲ್ಲ ಎಂದು ಭಾನುಮತಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಂಕಟ ಹೆಚ್ಚಾಯಿತು. ಕಳ್ಳತನವಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಆಮೇಲೆ ಅವಳ ಕಣ್ಣು ಬೇಡವೆಂದರೂ ಲೆಕ್ಕ ಇಡತೊಡಗಿತು. ಪ್ರೊಫೆಸರ್ ಇಂದು ಧೃತಿಯ ಕೋಣೆಗೆ ಎಷ್ಟು ಸಲ ಹೋದರು. ಕಾಫಿಗೆ ಯಾರನ್ನು ಕರೆದರು. ತನ್ನನ್ನು ‘ಫ್ರೌ ಕುಲಕರ್ಣಿ’, ಅಂದರೆ ಶ್ರೀಮತಿ ಕುಲಕರ್ಣಿ, ಎನ್ನುವವರು ಅವಳನ್ನು ‘ಧೃತಿ’ ಎನ್ನುತ್ತಾರೆ. ಧೃತಿಯ ಜರ್ಮನ್ನಿನಲ್ಲಿ ಸಣ್ಣಪುಟ್ಟ ವ್ಯಾಕರಣ ತಪ್ಪುಗಳಿದ್ದವು. ಅವಳು ಅವನ್ನು ಲೆಕ್ಕಿಸದೆ ನಗುತ್ತ ಮಾತಾಡುತ್ತಿದ್ದಳು. ಒಂದೂ ತಪ್ಪಿಲ್ಲದ ಭಾನುಮತಿಯ ಜರ್ಮನ್ ಕೇಳಲು ಯಾರೂ ಕಾಯುತ್ತಿರಲಿಲ್ಲ. ಬುಧವಾರದ ಓದನ್ನು ತಪ್ಪಿಸಲು ಭಾನುಮತಿ ಒಂದೊಂದೇ ನೆಪ ಹೇಳತೊಡಗಿದಳು.

ಡಿಸೆಂಬರಿನಲ್ಲಿ ಗ್ರೋನ್‌ರೋಡೆಯ ಕೆಲಸ ಬಂತು. ಹ್ಯಾನೋವರ್‌ನಿಂದ ರೈಲಿನಲ್ಲಿ ಐವತ್ತು ನಿಮಿಷದ ಸಣ್ಣ ಊರು ಅದು. ಊರಂಚಿನಲ್ಲಿ ಮದ್ದಿನ ಬುರುಜು ಎಂಬ ಹಳೆಯ ಕಲ್ಲಿನ ಗೋಪುರವಿದೆ. ಒಂದು ಕಾಲದಲ್ಲಿ ಊರಿನ ಸಿಡಿಮದ್ದನ್ನೆಲ್ಲ ಅದರಲ್ಲಿ ಇಡುತ್ತಿದ್ದರು. ಈಗ ಊರಿನವರು ಅದನ್ನು ದುರಸ್ತಿ ಮಾಡಿಸಿ ಪುಟ್ಟ ಸಂಗ್ರಹಾಲಯ ಮಾಡಿದ್ದರು. ಮಾರ್ಚಿನಲ್ಲಿ ಉದ್ಘಾಟನೆ. ಅಲ್ಲಿ ಒಂದು ಉಪನ್ಯಾಸ ಬೇಕು, ಬುರುಜಿನ ಒಳಗೆ ಹಾಕುವ ಫಲಕಕ್ಕೆ ಬರಹವೂ ಬೇಕು. ಗ್ರೋನ್‌ರೋಡೆಯ ದಫ್ತರಕ್ಕೆ ಮೊದಲು ಹೋಗಿ, ಇಲಿ ಕಡಿದ ಕಟ್ಟುಗಳನ್ನು ಬಿಚ್ಚಿ ಪಟ್ಟಿ ಮಾಡಿದವಳು ಭಾನುಮತಿ. ಪ್ರೊಫೆಸರ್ ಕೆಲಸ ಕೊಟ್ಟದ್ದು ಧೃತಿಗೆ.

“ಜನರೆದುರು ಚೆನ್ನಾಗಿ ಮಾತಾಡುತ್ತಾಳೆ. ನೀವು ಅವಳಿಗೆ ಸಹಾಯ ಮಾಡುತ್ತೀರಿ ಅಲ್ಲವೇ?” ಅಂದರು ಪ್ರೊಫೆಸರ್.

“ಖಂಡಿತ” ಅಂದಳು ಭಾನುಮತಿ.

ಸಂಜೆ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತ ಅವಳು ಗಂಡನಿಗೆ ಇದನ್ನು ಹೇಳಿದಳು. ಹಿಟ್ಟಿನ ಮೇಲೆ ಬೀಳುತ್ತಿದ್ದ ಏಟು ಜೋರಾಗಿತ್ತು.

“ನಿನಗ ಕೊಡಬೇಕಾಗಿತ್ತು, ಖರೆ” ಅಂದ ಲಕ್ಷ್ಮೀಶ. “ಆದ್ರ ಆ ಹುಡುಗಿ ಏನ್ ಕಸಗೊಂಡಾಳೇನು? ಕೊಟ್ಟಾರ, ತಗೊಂಡಾಳ. ವೀಗಾಂಡ್‌ಗ ಹೋಗಿ ಕೇಳು, ನನಗ ಯಾಕ ಕೊಡಲಿಲ್ಲ ಅಂತ.”

“ಕೇಳಿ ತಗೊಳ್ಳೂದೇನದ. ಅವರಿಗೇ ತಿಳೀಬೇಕು.”

“ಹದಿನೇಳು ವರ್ಷ ತಿಳೀಲಿಲ್ಲ ಅವರಿಗೆ. ಇನ್ನೂ ಕಾಯತೀ?”

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಉಪನ್ಯಾಸಕ್ಕೆ ಒಂಬತ್ತು ದಿನವಿರುವಾಗ ಧೃತಿ ಅವಳ ಕೋಣೆಗೆ ಬಂದಳು. ಕೈಯಲ್ಲಿ ಹದಿನೆಂಟು ಪುಟದ ಹಾಳೆಗಳು.

“ಭಾನಕ್ಕ, ನಾಡಿದ್ದು ಬೋರ್ಡ್ ಪ್ರಿಂಟ್‌ಗೆ ಹೋಗುತ್ತೆ. ಪ್ರೊಫೆಸರ್ ಓದಿ ಓಕೆ ಅಂದಿದ್ದಾರೆ. ಆದ್ರೂ ನೀವು ಒಂದ್ಸಲ ನೋಡಿದ್ರೆ ನಂಗೆ ಧೈರ್ಯ. ಏನಾದ್ರೂ ತಪ್ಪಿದ್ರೆ ಬೈದ್ಬಿಡಿ.”

ಭಾನುಮತಿ ಓದಿದಳು. ಬರಹ ಚೆನ್ನಾಗಿತ್ತು. ಅದೂ ಅವಳಿಗೆ ಚುಚ್ಚಿತು.

ಕಥೆ ಹೀಗಿತ್ತು. 1683ರಲ್ಲಿ ಗ್ರೋನ್‌ರೋಡೆಯ ಪೇಟೆಬೀದಿಯಲ್ಲಿ ಕತರೀನಾ ಎಂಬ ವಿಧವೆ ದಿನಸಿ ಅಂಗಡಿ ನಡೆಸುತ್ತಿದ್ದಳು. ಉಪ್ಪು, ಮೇಣದಬತ್ತಿಯ ಜೊತೆಗೆ ಬೇಟೆಗಾರರಿಗೆ ಕೋವಿಮದ್ದನ್ನೂ ಮಾರುತ್ತಿದ್ದಳು. ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಪೀಪಾಯಿ ಸಿಡಿದು ಏಳು ಜನ ಸತ್ತರು. ಊರಿನ ಮಂಡಳಿ ಮಾರ್ಚ್ ಹದಿನಾಲ್ಕರಂದು ಹೊರಡಿಸಿದ ಕಟ್ಟಳೆಯಿತ್ತು: ಯಾರೂ ಮನೆಯಲ್ಲಿ ನಾಲ್ಕು ಪೌಂಡಿಗಿಂತ ಹೆಚ್ಚು ಮದ್ದು ಇಡಬಾರದು, ಮಿಕ್ಕದ್ದನ್ನು ಬುರುಜಿಗೆ ಸಾಗಿಸಬೇಕು. ಅದನ್ನು ಮೀರಿದ ತಪ್ಪಿಗೆ ಮೇ ತಿಂಗಳಲ್ಲಿ ಕತರೀನಾಳನ್ನು ಮೂವರು ಮಕ್ಕಳ ಸಮೇತ ಊರು ಬಿಡಿಸಿದರು. ಆ ವಸಂತದ ಮಂಡಳಿಯ ದಿನಚರಿ ಕಳೆದುಹೋಗಿದೆ. ಸ್ಫೋಟದ ದಿನ ಯಾವುದೆಂದು ಹೇಳುವುದು ಒಂದೇ ಒಂದು ಕಾಗದ. ಪಕ್ಕದ ಬಿಷಪ್ಪನ ಸೀಮೆಯ ಮಠದಿಂದ ಒಬ್ಬ ಸಂನ್ಯಾಸಿ ತನ್ನ ಗುರುವಿಗೆ ಬರೆದದ್ದು: ‘ಮಾರ್ಚ್ ಇಪ್ಪತ್ತರ ಬೆಳಿಗ್ಗೆ ಗ್ರೋನ್‌ರೋಡೆಯಲ್ಲಿ ಮದ್ದು ಸಿಡಿದ ಸದ್ದು ನಮಗೂ ಕೇಳಿಸಿತು.’ ಆ ಕಾಗದವನ್ನು ಬೇರೊಂದು ದಫ್ತರದಲ್ಲಿ ಹುಡುಕಿ ತೆಗೆದದ್ದು ಧೃತಿಯ ಸಾಧನೆ. ಕಟ್ಟಳೆ ಬಂದ ಆರನೆಯ ದಿನ ಅನಾಹುತ ನಡೆಯಿತು, ಮಂಡಳಿ ಮೊದಲೇ ಎಚ್ಚರಿಸಿತ್ತು, ವಿಧವೆ ಕಿವಿಗೊಡಲಿಲ್ಲ ಎಂದು ಅವಳು ಬರೆದಿದ್ದಳು. ಉಪನ್ಯಾಸದ ಹೆಸರು ‘ಕಿವಿಗೆ ಬೀಳದ ಎಚ್ಚರಿಕೆ’.

ಏಳನೆಯ ಪುಟದಲ್ಲಿ ಭಾನುಮತಿಯ ಕಣ್ಣು ನಿಂತಿತು.

ಆ ಕಾಲದಲ್ಲಿ ಈ ಸೀಮೆಯಲ್ಲಿ ಎರಡು ಪಂಚಾಂಗಗಳಿದ್ದವು. ಪೋಪರು ತಿದ್ದಿದ ಹೊಸ ಪಂಚಾಂಗವನ್ನು ಕ್ಯಾಥೊಲಿಕ್ ಊರುಗಳು ಒಪ್ಪಿಕೊಂಡಿದ್ದವು. ಲೂಥರನನ್ನು ಹಿಂಬಾಲಿಸಿದ ಊರುಗಳು 1700ರವರೆಗೂ ಹಳೆಯದನ್ನೇ ಬಿಡಲಿಲ್ಲ. ನಮ್ಮಲ್ಲಿ ಚಾಂದ್ರಮಾನದವರಿಗೆ ಒಂದು ದಿನ, ಸೌರಮಾನದವರಿಗೆ ಇನ್ನೊಂದು ದಿನ ಯುಗಾದಿ ಆಗುವ ಹಾಗೆ, ಇಲ್ಲಿ ಎರಡರ ನಡುವೆ ಹತ್ತು ದಿನಗಳ ಅಂತರ, ಹೊಸದು ಮುಂದೆ. ಸಂನ್ಯಾಸಿಯದು ಕ್ಯಾಥೊಲಿಕ್ ಸೀಮೆ, ಗ್ರೋನ್‌ರೋಡೆ ಲೂಥರನ ಕಡೆಯ ಊರು. ಅವನ ಮಾರ್ಚ್ ಇಪ್ಪತ್ತು ಎಂದರೆ ಗ್ರೋನ್‌ರೋಡೆಯವರಿಗೆ ಮಾರ್ಚ್ ಹತ್ತು. ಕಟ್ಟಳೆ ಬಂದದ್ದು ಹದಿನಾಲ್ಕಕ್ಕೆ. ಅಂದರೆ ಸ್ಫೋಟವಾಗಿ ನಾಲ್ಕು ದಿನದ ಮೇಲೆ. ಮಂಡಳಿ ಯಾರನ್ನೂ ಎಚ್ಚರಿಸಿರಲಿಲ್ಲ. ಅನಾಹುತವಾದ ಮೇಲೆ ಕಟ್ಟಳೆ ಮಾಡಿ, ಅದನ್ನು ಹಿಂದಕ್ಕೆ ಎಳೆದು ಒಬ್ಬ ಹೆಂಗಸಿನ ಕೊರಳಿಗೆ ಕಟ್ಟಿತ್ತು.

ಇದೇ ತಪ್ಪನ್ನು ಭಾನುಮತಿ ತನ್ನ ಎರಡನೆಯ ವರ್ಷ ಮಾಡಿದ್ದಳು. ಬೇರೆ ಊರು, ಬೇರೆ ಕಟ್ಟಳೆ. ದಫ್ತರದ ಮುದುಕನೊಬ್ಬ ಲೇಖನ ಅಚ್ಚಿಗೆ ಹೋಗುವ ಮೊದಲೇ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ ಉಳಿಸಿದ್ದ. ಆ ಮಾತು ಈಗ ನೆನಪಾಯಿತು. ಅವಳು ಅದನ್ನು ಹಾಗೆಯೇ ಬದಿಗೆ ತಳ್ಳಿದಳು.

“ಹೆಂಗಿದೆ ಅಕ್ಕ?” ಎದುರಿಗೆ ಕೂತಿದ್ದ ಧೃತಿ ಕೇಳಿದಳು.

“ಚಲೋ ಅದ. ಭಾಳ ಚಲೋ ಬರದೀ” ಅಂದಳು ಭಾನುಮತಿ. ಐದನೆಯ ಪುಟದಲ್ಲಿ ಒಂದು ಅಲ್ಪವಿರಾಮ ತಿದ್ದಿ ಹಾಳೆಗಳನ್ನು ಹಿಂದಕ್ಕೆ ಕೊಟ್ಟಳು.

ಮೊದಲ ದಿನ ಅವಳಿಗೆ ಇದ್ದದ್ದು ಬರೀ ಖುಷಿ, ಬೆಚ್ಚಗಿನ ಖುಷಿ. ಟ್ರಾಮಿನಲ್ಲಿ ನಿಂತು ಅವಳು ಬರಲಿರುವ ಗಳಿಗೆಯನ್ನು ಕಲ್ಪಿಸಿಕೊಂಡಳು: ಉಪನ್ಯಾಸ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಪ್ರಶ್ನೆಗಳಿವೆಯೇ ಎಂದು ಕೇಳುತ್ತಾರೆ. ತಾನು ಎದ್ದು ನಿಲ್ಲುತ್ತೇನೆ. ಪ್ರೊಫೆಸರ್ ವೀಗಾಂಡ್ ಕನ್ನಡಕ ತೆಗೆಯುತ್ತಾರೆ. ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ಜರ್ಮನ್ನಿನಲ್ಲಿ ಜೋಡಿಸಿದಳು. ವಿನಯದಿಂದ ಶುರುವಾಗುವ ವಾಕ್ಯಗಳು.

ಪೂರ್ತಿ ಖಚಿತವಾಗಬೇಕೆಂದು ಮೂರನೆಯ ದಿನ ವಿಚಾರಣೆಯ ಕಾಗದಗಳನ್ನು ತೆರೆದಳು. ಅವುಗಳ ಚಿತ್ರಗಳನ್ನು ಹಿಂದೆ ತಾನೇ ತೆಗೆದಿದ್ದಳು. ಕತರೀನಾಳ ಹೇಳಿಕೆ ಅರ್ಧ ಪುಟವೂ ಇರಲಿಲ್ಲ. ‘ಮದ್ದು ಸಿಡಿದಾಗ ಅಂಥ ಆಜ್ಞೆ ಯಾವುದೂ ಇರಲಿಲ್ಲ. ನನಗೆ ಯಾರೂ ಓದಿ ಹೇಳಿಲ್ಲ. ದೇವರು ದಿನ ಬಲ್ಲ.’ ಧೃತಿ ಇದನ್ನು ನೆಪವೆಂದು ತೆಗೆದುಕೊಂಡಿದ್ದಳು. ‘ಅಪರಾಧಿಗಳು ಸಾಮಾನ್ಯವಾಗಿ ಹೇಳುವ ಮಾತು’ ಎಂದು ಬರೆದಿದ್ದಳು. ಭಾನುಮತಿ ಮೊದಲ ಸಲ ಪಟ್ಟಿ ಮಾಡಿದಾಗ ಅದನ್ನು ಓದಿಯೂ ಇರಲಿಲ್ಲ. ಈಗ ಓದಿದಳು. ಆ ಹೆಂಗಸು ನಿಜ ಹೇಳಿದ್ದಳು. ನಿಜ ಹೇಳಿದ್ದಳು ಎಂದು ಇವತ್ತಿನ ದಿನ ಭೂಮಿಯ ಮೇಲೆ ಗೊತ್ತಿದ್ದದ್ದು ತನಗೊಬ್ಬಳಿಗೇ.

ಭಾನುಮತಿ ಕಂಪ್ಯೂಟರ್ ಆರಿಸಿ ಕಿಟಕಿಯ ಬಳಿ ನಿಂತಳು. ಧೃತಿಯ ಕೋಣೆ ಮೂರು ಬಾಗಿಲು ಆಚೆ. ಹೋಗಿ ಹೇಳಬಹುದಿತ್ತು. ಓಣಿಯವರೆಗೆ ಹೋದಳು ಕೂಡ. ಒಳಗಿನಿಂದ ಪ್ರೊಫೆಸರರ ನಗು ಕೇಳಿಸಿತು, ಅದರ ಹಿಂದೆಯೇ ಧೃತಿಯ ನಗು. ಭಾನುಮತಿ ತಿರುಗಿ ಬಂದಳು.

ಅಂದು ಸಂಜೆ ಲಕ್ಷ್ಮೀಶನಿಗೆ ಹೇಳಿದಳು. ಹೇಳುವಾಗ ಪಂಚಾಂಗದ ವಿಷಯವನ್ನು ಒಗಟು ಬಿಡಿಸಿದ ಹಾಗೆ ಹೇಳಿದಳು. ಅವನು ಪೂರ್ತಿ ಕೇಳಿ, “ಅಕಿಗೆ ಹೇಳೀದಿ ಏನು?” ಅಂದ.

“ಹೇಳತೀನಿ.”

“ಯಾವಾಗ?”

“ಹೇಳತೀನಿ ಅಂದೆನಲ್ರೀ.”

ಅವನು ಮತ್ತೆ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಅವನು ಕೇಳದೆ ಇದ್ದದ್ದು ಅವಳಿಗೆ ಅಸಹನೆ ತಂದಿತು.

ಉದ್ಘಾಟನೆ ಶನಿವಾರ ಮಧ್ಯಾಹ್ನ. ಜಿಟಿಜಿಟಿ ಮಳೆಯಲ್ಲೂ ಗ್ರೋನ್‌ರೋಡೆಯ ಪುರಭವನ ತುಂಬಿತ್ತು. ಊರಿನ ಕೋವಿ ಗುರಿ ಹೊಡೆಯುವವರ ಸಂಘದ ಮುದುಕರು ಹಸಿರು ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಉಪನ್ಯಾಸಕ್ಕೆ ಮೊದಲು ಎಲ್ಲರನ್ನೂ ಬುರುಜಿಗೆ ಕರೆದುಕೊಂಡು ಹೋಗಿ ಫಲಕ ತೋರಿಸಿದರು. ದೊಡ್ಡ ಅಕ್ಷರಗಳಲ್ಲಿ ಇತ್ತು: ‘ವಿಧವೆ ಕತರೀನಾ ಮಂಡಳಿಯ ಎಚ್ಚರಿಕೆಯನ್ನು ಕಡೆಗಣಿಸಿದಳು. ಏಳು ಜನ ಪ್ರಾಣ ತೆತ್ತರು.’ ಅದರ ಮುಂದೆ ಒಂದು ಶಾಲೆಯ ಹುಡುಗಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಭಾನುಮತಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಧೃತಿ ಚೆನ್ನಾಗಿ ಮಾತಾಡಿದಳು. ಜನ ನಕ್ಕ ಕಡೆ ನಿಲ್ಲಿಸಿದಳು, ಸತ್ತ ಏಳು ಜನರ ಹೆಸರು ಓದುವಾಗ ದನಿ ತಗ್ಗಿಸಿದಳು. ಚಪ್ಪಾಳೆ ದೀರ್ಘವಾಗಿ ಬಿತ್ತು. ಪ್ರಶ್ನೆಗಳಿವೆಯೇ ಎಂದು ಊರಿನ ಮೇಯರ್ ಕೇಳಿದಾಗ ಭಾನುಮತಿ ಕೈಯೆತ್ತಿದಳು. ಧೃತಿಯ ಮುಖ ಅರಳಿತು. ಭಾನಕ್ಕ ತನ್ನ ಪರವಾಗಿ ಏನೋ ಹೇಳುತ್ತಾಳೆ ಎಂದುಕೊಂಡಿದ್ದಳು.

“ಉಪನ್ಯಾಸಕ್ಕೆ ಅಭಿನಂದನೆ” ಎಂದು ಭಾನುಮತಿ ಜರ್ಮನ್ನಿನಲ್ಲಿ ಶುರುಮಾಡಿದಳು. “ಒಂದು ಸಣ್ಣ ಸಂದೇಹ. ಪತ್ರ ಬರೆದ ಸಂನ್ಯಾಸಿ ಕ್ಯಾಥೊಲಿಕ್ ಸೀಮೆಯವನು. ಅವನು ಎಣಿಸಿದ್ದು ಹೊಸ ಪಂಚಾಂಗದ ದಿನ. ಕಟ್ಟಳೆಯ ಮೇಲಿರುವುದು ಹಳೆಯ ಪಂಚಾಂಗದ ದಿನ. ಹತ್ತು ದಿನ ಕಳೆದರೆ ಸ್ಫೋಟವಾದದ್ದು ಮಾರ್ಚ್ ಹತ್ತಕ್ಕೆ. ಆಗ ಆ ಕಟ್ಟಳೆ ಇನ್ನೂ ಹುಟ್ಟಿರಲಿಲ್ಲ. ಇಲ್ಲದ ಎಚ್ಚರಿಕೆ ಯಾರ ಕಿವಿಗೆ ತಾನೇ ಬೀಳುತ್ತದೆ?”

ಕೊನೆಯ ವಾಕ್ಯವನ್ನು ಅವಳು ಆರು ಸಲ ತಿದ್ದಿದ್ದಳು.

ಪ್ರೊಫೆಸರ್ ವೀಗಾಂಡ್ ಕನ್ನಡಕ ತೆಗೆದರು, ಅವಳು ಎಣಿಸಿದ್ದ ಹಾಗೆಯೇ. ಧೃತಿ ತನ್ನ ಕಾಗದದ ಮೇಲೆ ಬಗ್ಗಿ ಏನೋ ಲೆಕ್ಕ ಹಾಕಿದಳು. ಅವಳ ಕತ್ತಿನವರೆಗೂ ಕೆಂಪಡರಿತ್ತು. ಆಮೇಲೆ ತಲೆಯೆತ್ತಿದಳು.

“ಫ್ರೌ ಕುಲಕರ್ಣಿ ಹೇಳಿದ್ದು ಸರಿ” ಅಂದಳು. “ನಾನು ತಪ್ಪಿದೆ. ವಿಚಾರಣೆಯಲ್ಲಿ ಆ ಹೆಂಗಸು ಹೇಳಿದ ಮಾತೊಂದಿದೆ. ಮದ್ದು ಸಿಡಿದಾಗ ಅಂಥ ಆಜ್ಞೆ ಇರಲಿಲ್ಲ ಅಂತ. ನಾನು ಅದನ್ನು ಸುಳ್ಳು ಅಂದುಕೊಂಡೆ. ಅವಳು ಮುನ್ನೂರನಲವತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ, ನಾನೂ ಕೇಳಿಸಿಕೊಳ್ಳಲಿಲ್ಲ. ದಯವಿಟ್ಟು ಆ ಫಲಕವನ್ನು ಇವತ್ತೇ ಮುಚ್ಚಿಬಿಡಿ.”

ಹಸಿರು ಕೋಟಿನ ಮುದುಕನೊಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿದ. ಬಳಿಕ ಎಲ್ಲರೂ ತಟ್ಟಿದರು. ಯಾರಿಗೆ ಎಂದು ಹೇಳುವುದು ಕಷ್ಟವಾಗಿತ್ತು. ಆದರೆ ಜನ ನೋಡುತ್ತಿದ್ದದ್ದು ಧೃತಿಯನ್ನು.

ಪ್ರೊಫೆಸರ್ ಬಂದು ಭಾನುಮತಿಯ ಕೈ ಕುಲುಕಿದರು. “ಅದ್ಭುತ. ನೀವು ಇದನ್ನು ಲೇಖನವಾಗಿ ಬರೆಯಬೇಕು. ಇಬ್ಬರೂ ಸೇರಿ ಬರೆಯಿರಿ” ಅಂದರು. ಹದಿನೇಳು ವರ್ಷ ಕಾದಿದ್ದ ಮಾತು. ಭಾನುಮತಿಗೆ ಅದು ಕೇಳಿಸಿತು, ಒಳಗೆ ಇಳಿಯಲಿಲ್ಲ. ವೇದಿಕೆಯ ಮೇಲೆ ಧೃತಿ ಹಾಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಐದನೆಯ ಪುಟ ಬಂದಾಗ ಅವಳ ಕೈ ನಿಂತಿತು.

ಹಿಂದಿರುಗುವ ರೈಲು ಇಪ್ಪತ್ತೈದು ನಿಮಿಷ ತಡ ಎಂದು ನಿಲ್ದಾಣದ ಸೂಚನಾ ಫಲಕ ಹೇಳುತ್ತಿತ್ತು. ಪ್ರೊಫೆಸರ್ ಕಾರಿನಲ್ಲಿ ಹೋಗಿದ್ದರು. ಪ್ಲಾಟ್‌ಫಾರಂನ ಗಾಜಿನ ಚಾವಣಿಯ ಕೆಳಗೆ ಇಬ್ಬರೇ.

“ಒಂದ್ ಕೇಳ್ಲಾ?” ಅಂದಳು ಧೃತಿ. “ನಾನು ಡ್ರಾಫ್ಟ್ ಕೊಟ್ಟ ದಿನವೇ ನಿಮಗೆ ಗೊತ್ತಿತ್ತಾ?”

ನಿನ್ನೆ ಹೊಳೆಯಿತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಧೃತಿ ಅವಳನ್ನೇ ನೋಡುತ್ತಿದ್ದಳು. ಭಾನುಮತಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

“ಗೊತ್ತಿತ್ತು.”

“ಮತ್ತೆ ಕಾಮಾ ತಿದ್ದಿ ಕೊಟ್ರಿ.”

“ಹೌದು.”

“ಯಾಕೆ?”

“ಹೊಟ್ಟಿಕಿಚ್ಚು” ಅಂದಳು ಭಾನುಮತಿ. “ನಿನ್ನ ಮ್ಯಾಲೆ. ಭಾಳ ದಿನದಿಂದ. ನೀ ಏನೂ ಮಾಡಿಲ್ಲ ನನಗ. ಆದ್ರೂ.”

ಧೃತಿ ಹಳಿಗಳ ಕಡೆ ತಿರುಗಿದಳು. ಅಳುತ್ತಾಳೆ ಎಂದುಕೊಂಡಳು ಭಾನುಮತಿ. ಅಳಲಿಲ್ಲ.

“ನನ್ ವಿಷ್ಯ ಬಿಡಿ” ಅಂದಳು. “ನಂಗೆ ಅವಮಾನ ಆಯ್ತು, ಅದು ಹೋಗುತ್ತೆ. ಆದ್ರೆ ಬೋರ್ಡ್ ಪ್ರಿಂಟ್ ಆಗಿ ಗೋಡೆ ಮೇಲೆ ಬಂದಿತ್ತು. ಇವತ್ತು ನಿಮಗೆ ಜ್ವರ ಬಂದು ಬರ್ದೇ ಇದ್ದಿದ್ರೆ? ಟ್ರೈನ್ ಕ್ಯಾನ್ಸಲ್ ಆಗಿದ್ರೆ? ಆ ಹೆಂಗಸನ್ನ ಇನ್ನೊಂದ್ ಸಲ ಊರು ಬಿಡಿಸಿದ ಹಾಗಾಗ್ತಿರ್ಲಿಲ್ವಾ? ನಂಗೆ ಗೊತ್ತಿಲ್ದೇ ಮಾಡ್ದೆ. ನೀವು ಗೊತ್ತಿದ್ದು ಸುಮ್ನಿದ್ರಿ.”

ಒಂಬತ್ತು ದಿನದಲ್ಲಿ ಭಾನುಮತಿ ಈ ಮಾತನ್ನು ಒಂದು ಸಲವೂ ಪೂರ್ತಿ ಯೋಚಿಸಿರಲಿಲ್ಲ. ಯೋಚಿಸುವ ಹತ್ತಿರ ಬಂದಾಗಲೆಲ್ಲ ಬಾಗಿಲು ಹಾಕಿಕೊಂಡಿದ್ದಳು.

ರೈಲು ಬಂತು. ಧೃತಿ ಬೇರೆ ಬೋಗಿ ಹತ್ತಿದಳು.

ಸೋಮವಾರ ಬೆಳಿಗ್ಗೆ ಭಾನುಮತಿ ಪ್ರೊಫೆಸರರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕರಡು ತನ್ನ ಕೈಗೆ ಬಂದ ದಿನ, ತಾನು ಕಂಡದ್ದು, ಹೇಳದೆ ಉಳಿದದ್ದು. ಪ್ರೊಫೆಸರ್ ಪೆನ್ನನ್ನು ಕೆಳಗಿಟ್ಟರು.

“ನಾನು ಓದಿಯೂ ಗುರುತಿಸಲಿಲ್ಲ. ಅದು ನನ್ನ ತಪ್ಪು. ನಿಮ್ಮದು ಬೇರೆ” ಅಂದರು. “ಗ್ರೋನ್‌ರೋಡೆ ನಿಮಗೆ ಬೇಕಿತ್ತೇ?”

“ಬೇಕಿತ್ತು.”

“ನನಗೆ ಹೇಳಲಿಲ್ಲ.”

“ನೀವು ಕೇಳಲಿಲ್ಲ” ಅಂದಳು ಭಾನುಮತಿ. ಹದಿನೇಳು ವರ್ಷದಲ್ಲಿ ಅವಳು ಪ್ರೊಫೆಸರರಿಗೆ ಎದುರಾಡಿದ್ದು ಅದೊಂದೇ ಸಲ. “ಈ ಲೇಖನದಲ್ಲಿ ನನ್ನ ಹೆಸರು ಬೇಡ. ಧೃತಿಯೇ ಬರೆಯಲಿ. ಪಂಚಾಂಗದ ಲೆಕ್ಕ ಬೇಕಾದರೆ ಬರೆದು ಕೊಡುತ್ತೇನೆ.”

ಧೃತಿ ಬರೆದಳು. ಲೆಕ್ಕವನ್ನು ಅವಳಾಗಿಯೇ ಹಾಕಿಕೊಂಡಳು. ಟಿಪ್ಪಣಿಯೊಂದರಲ್ಲಿ, ತಪ್ಪನ್ನು ಸಭೆಯಲ್ಲಿ ತೋರಿಸಿಕೊಟ್ಟವರು ಭಾನುಮತಿ ಕುಲಕರ್ಣಿ ಎಂದು ಪೂರ್ತಿ ಹೆಸರು ಕೊಟ್ಟಿದ್ದಳು. ಓಣಿಯಲ್ಲಿ ಎದುರಾದರೆ ನಮಸ್ಕಾರ ಹೇಳುತ್ತಿದ್ದಳು. ಕೆಲಸದ ಮಾತಿದ್ದರೆ ಜರ್ಮನ್ನಿನಲ್ಲಿ ಆಡುತ್ತಿದ್ದಳು. ಬೇಸಿಗೆಯಲ್ಲಿ ಗ್ರೋನ್‌ರೋಡೆಯ ಬುರುಜಿನಲ್ಲಿ ಹೊಸ ಫಲಕ ಹಾಕಿದರು. ಭಾನುಮತಿ ಒಂದು ಭಾನುವಾರ ಒಬ್ಬಳೇ ಹೋಗಿ ಓದಿ ಬಂದಳು. ವಿಧವೆಯ ಮೂರು ವಾಕ್ಯಗಳನ್ನು ಹಾಗೆಯೇ ಹಾಕಿದ್ದರು.

ಆ ಲೇಖನಕ್ಕೆ ಯುವ ಸಂಶೋಧಕರ ಬಹುಮಾನ ಬಂತು. ಸೆಪ್ಟೆಂಬರಿನಲ್ಲಿ ಧೃತಿಗೆ ಹ್ಯಾಂಬರ್ಗ್‌ನಲ್ಲಿ ಕೆಲಸವಾಯಿತು. ಬೀಳ್ಕೊಡುಗೆಯ ಕೇಕ್ ತಿನ್ನುವಾಗ ಭಾನುಮತಿ ಅವಳಿಗೆ ಒಳ್ಳೆಯದಾಗಲಿ ಎಂದಳು. ಮನಸಾರೆ ಎಂದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಪ್ರೊಫೆಸರ್ ಭಾನುಮತಿಯನ್ನು ತಮ್ಮ ಮೂರನೆಯ ಪುಸ್ತಕದ ಜೊತೆಲೇಖಕಿಯಾಗಿ ಮಾಡಿಕೊಂಡರು. ಈ ಸಲ ಅವಳು ಬಾಯಿಬಿಟ್ಟು ಕೇಳಿದ್ದಳು.

ಮರುವರ್ಷ ಫೆಬ್ರವರಿಯಲ್ಲಿ ಒಂದು ಸಂಶೋಧನಾ ಪತ್ರಿಕೆಯಿಂದ ಅವಳಿಗೆ ಲೇಖನವೊಂದು ಪರಿಶೀಲನೆಗೆ ಬಂತು. ಬರೆದವರ ಹೆಸರನ್ನು ತೆಗೆದಿದ್ದರು. ಪರಿಶೀಲಿಸಿದವರು ಯಾರೆಂದು ಬರೆದವರಿಗೂ ತಿಳಿಸುವುದಿಲ್ಲ. ಬಂದರಿಗೆ ಬರುವ ಹಡಗುಗಳು ಒಳಗೆ ಬರುವ ಮೊದಲು ಮದ್ದನ್ನು ಎಲ್ಲಿ ಇಳಿಸಬೇಕು ಎಂಬ ಹಳೆಯ ನಿಯಮಗಳ ಮೇಲಿನ ಲೇಖನ. ಎರಡು ಪುಟ ಓದುವಷ್ಟರಲ್ಲಿ ಯಾರದೆಂದು ತಿಳಿಯಿತು. ಪ್ರಶ್ನೆ ಕೇಳಿ ಪ್ಯಾರಾ ಶುರುಮಾಡುವುದು, ಸತ್ತವರ ಹೆಸರನ್ನು ಬಿಡದೆ ಕೊಡುವುದು.

ಬಹಳ ಚೆನ್ನಾಗಿತ್ತು. ತಾನು ಬರೆಯಬಹುದಾಗಿದ್ದಕ್ಕಿಂತ ಚೆನ್ನಾಗಿತ್ತು. ಎದೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಚೂರೂ ಕಡಿಮೆಯಾಗದೆ. ತಿರಸ್ಕರಿಸಿ ಎಂದು ಬರೆಯಲು ಎರಡು ವಾಕ್ಯ ಸಾಕು, ಯಾರೂ ಕೇಳುವುದಿಲ್ಲ. ಹನ್ನೊಂದನೆಯ ಪುಟದಲ್ಲಿ ತೂಕದ ಅಳತೆಯೊಂದು ತಪ್ಪಿತ್ತು. ಸುಮ್ಮನಿದ್ದರೆ ಅದು ಅಚ್ಚಾಗಿ ಧೃತಿಯ ಹೆಸರಿನ ಕೆಳಗೆ ಉಳಿಯುತ್ತಿತ್ತು.

ಭಾನುಮತಿ ಮೂರು ಮಧ್ಯಾಹ್ನ ಕೂತು ವರದಿ ಬರೆದಳು. ಅಳತೆಯ ತಪ್ಪನ್ನು ಆಧಾರ ಸಮೇತ ವಿವರಿಸಿದಳು. ಲೇಖಕರು ನೋಡಬಹುದಾದ ಇನ್ನೆರಡು ಕಟ್ಟಳೆಗಳು ಯಾವ ದಫ್ತರದ ಯಾವ ಕಟ್ಟಿನಲ್ಲಿವೆ ಎಂದು ತಿಳಿಸಿದಳು. ಅವೆರಡನ್ನೂ ಅವಳು ತನಗೆಂದು ತೆಗೆದಿಟ್ಟುಕೊಂಡಿದ್ದಳು. ಲೇಖನದ ಗುಣ ಹೇಳುವ ಪ್ಯಾರಾ ಬರೆಯುವಾಗ ಒಂದೊಂದು ಪದವೂ ಹಲ್ಲು ಕಿತ್ತ ಹಾಗೆ ಬಂತು. ಆದರೂ ಯಾವುದನ್ನೂ ತಗ್ಗಿಸಲಿಲ್ಲ.

ಕೆಳಗೆ ತೀರ್ಪಿಗೆಂದು ಮೂರು ಚೌಕಗಳಿದ್ದವು. ‘ಪ್ರಕಟಿಸಬಹುದು’ ಎಂಬುದಕ್ಕೆ ಗುರುತು ಹಾಕಿ ಕಳಿಸಿದಳು.